ವಾಲ್ಟರ್ ಶೂಹಾರ್ಟ್

ಕಾರ್ಖಾನೆಯಲ್ಲಿ ಸರಕು ಕೆಟ್ಟಿತೆಂದರೆ ಮೇಲ್ವಿಚಾರಕನ ದೃಷ್ಟಿಯು ಮೊದಲು ಬೀಳುವುದು ಕೆಲಸಗಾರನ ಮೇಲೆ. ಈ ಆರೋಪವು ಯಾವಾಗ ನ್ಯಾಯ, ಯಾವಾಗ ಅನ್ಯಾಯ ಎಂಬುದನ್ನು ಗಣಿತದಿಂದ ವಿವೇಚಿಸುವ ಮಾರ್ಗವನ್ನು ತೋರಿದವರು ಅಮೆರಿಕದ ವಾಲ್ಟರ್ ಶೂಹಾರ್ಟ್ ಮಹಾಶಯರು.

೧೮೯೧ನೆಯ ಇಸವಿ ಮಾರ್ಚಿ ೧೮ರಂದು ಇಲಿನಾಯ್ ಪ್ರಾಂತದ ನ್ಯೂ ಕ್ಯಾಂಟನ್ ಎಂಬ ಸಣ್ಣ ಊರಿನಲ್ಲಿ ಜನಿಸಿದ ಇವರು, ಭೌತವಿಜ್ಞಾನದಲ್ಲಿ ವ್ಯಾಸಂಗಮಾಡಿ ೧೯೧೭ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡಾಕ್ಟರ್ ಪದವಿಯನ್ನು ಪಡೆದರು. ಮರುವರ್ಷ ಟೆಲಿಫೋನ್ ಉಪಕರಣಗಳನ್ನು ತಯಾರಿಸುತ್ತಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪೆನಿಯನ್ನು ಸೇರಿದರು. ಸರಕು ಸಿದ್ಧವಾದ ಮೇಲೆ ಪರೀಕ್ಷಿಸಿ ಕೆಟ್ಟುದನ್ನು ತೆಗೆದುಹಾಕುವುದೇ ಆಗಿನ ಪದ್ಧತಿ. ಅಷ್ಟು ಹೊತ್ತಿಗೆ ಲೋಹವೂ ಶ್ರಮವೂ ವ್ಯರ್ಥವಾಗಿ ಹೋಗಿರುತ್ತಿದ್ದವು. ಅಲ್ಪ ವ್ಯತ್ಯಾಸ ಕಂಡೊಡನೆ ಯಂತ್ರವನ್ನು ತಿದ್ದಹೊರಟರೆ ಏರುಪೇರು ಹೆಚ್ಚುತ್ತಿತ್ತೇ ಹೊರತು ತಗ್ಗುತ್ತಿರಲಿಲ್ಲ.

೧೯೨೪ರ ಮೇ ೧೬ರಂದು ಶೂಹಾರ್ಟರು ಮೇಲಧಿಕಾರಿಗೆ ಒಂದು ಪುಟದ ಟಿಪ್ಪಣಿಯನ್ನು ಒಪ್ಪಿಸಿದರು. ನಿಯಂತ್ರಣ ನಕ್ಷೆಯು ಹುಟ್ಟಿದುದು ಅದರಲ್ಲಿಯೇ. ಆಗಾಗ ಕೆಲವು ಮಾದರಿಗಳನ್ನೆತ್ತಿ ಅಳೆದು, ಅವುಗಳ ಸರಾಸರಿಯನ್ನು ನಕ್ಷೆಯಲ್ಲಿ ಗುರುತಿಸತಕ್ಕದ್ದು. ನಡುಗೆರೆಯ ಮೇಲೆಯೂ ಕೆಳಗೆಯೂ ಲೆಕ್ಕದಿಂದ ಗೊತ್ತುಮಾಡಿದ ಎರಡು ಮಿತಿಗೆರೆಗಳು. ಬಿಂದುಗಳು ಕ್ರಮವಿಲ್ಲದೆ ಚೆದರಿ ಇವುಗಳೊಳಗೇ ನಿಂತರೆ ಆ ವ್ಯತ್ಯಾಸವು ಕಾರ್ಯವಿಧಾನದಲ್ಲಿಯೇ ಅಡಗಿದುದು. ವಿಧಾನವನ್ನು ಬದಲಿಸದೆ ಅದು ತಗ್ಗದು. ಅದಕ್ಕಾಗಿ ಕೆಲಸಗಾರನನ್ನು ದಂಡಿಸಿ ಫಲವಿಲ್ಲ. ಬಿಂದುವು ಗೆರೆಯನ್ನು ಮೀರಿತೆಂದರೆ ಮಾತ್ರ ಸವೆದ ಉಪಕರಣವೋ ಬದಲಾದ ಕಚ್ಚಾ ಸಾಮಗ್ರಿಯೋ, ಯಾವುದಾದರೊಂದು ವಿಶೇಷ ಕಾರಣವನ್ನು ಒಡನೆಯೇ ಹುಡುಕತಕ್ಕದ್ದು.

೧೯೨೫ರಲ್ಲಿ ಬೆಲ್ ಪ್ರಯೋಗಾಲಯಗಳನ್ನು ಸೇರಿದ ಇವರು ೧೯೫೬ರವರೆಗೆ ಅಲ್ಲಿಯೇ ದುಡಿದರು. ೧೯೩೧ರಲ್ಲಿ ತಮ್ಮ ತತ್ತ್ವವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಯುದ್ಧಸಾಮಗ್ರಿಯ ಕಾರ್ಖಾನೆಗಳು ಈ ನಕ್ಷೆಯನ್ನು ಅವಲಂಬಿಸಿದವು. ೧೯೫೦ರಲ್ಲಿ ಇವರ ವಿಚಾರಗಳನ್ನು ಜಪಾನಿನ ಕೈಗಾರಿಕೋದ್ಯಮಿಗಳಿಗೆ ಬೋಧಿಸಿದವರು ಇವರ ಅನುಯಾಯಿ ಎಡ್ವರ್ಡ್ಸ್ ಡೆಮಿಂಗರು. ಆದರೆ ಅದಕ್ಕೂ ಮೊದಲೇ, ನಮ್ಮ ದೇಶವು ಸ್ವತಂತ್ರವಾದ ಹೊಸದರಲ್ಲಿ, ಪ್ರೊಫೆಸರ್ ಮಹಲನೋಬಿಸರ ಆಹ್ವಾನದ ಮೇಲೆ ಶೂಹಾರ್ಟರು ೧೯೪೭-೪೮ರಲ್ಲಿ ತಾವೇ ಇಲ್ಲಿಗೆ ಬಂದು ಈ ವಿದ್ಯೆಯನ್ನು ಪ್ರಚಾರಮಾಡಿದ್ದರು. ಮುಂದೆ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯು ಬೆಂಗಳೂರಿನಲ್ಲಿಯೂ ಈ ಕಾರ್ಯವನ್ನು ಕೈಕೊಂಡಿತು.

ಶೂಹಾರ್ಟರು ೧೯೬೭ರ ಮಾರ್ಚಿ ೧೧ರಂದು ದಿವಂಗತರಾದರು. ಕಾರಣವನ್ನರಿಯದೆ ದೂರುವುದು ಅಧಿಕಾರಿಗಳಿಗೆ ಸುಲಭ. ತಮ್ಮ ವ್ಯವಸ್ಥೆಯಲ್ಲಿಯೇ ದೋಷವನ್ನರಸುವುದು ಕಷ್ಟ. ಆ ಕಷ್ಟವನ್ನು ವಹಿಸಿದ ಕಾರ್ಖಾನೆಯಲ್ಲಿ ಸರಕೂ ಉತ್ತಮವಾಗುವುದು, ಕೆಲಸಗಾರನಿಗೆ ನ್ಯಾಯವೂ ದೊರೆಯುವುದು.