ರಕ್ತದ ಲೆಕ್ಕ ಬಿಡಿಸಿದ ಹಾಲ್ಡೇನ್



ಆಟವಾಡುವಾಗ ಬಿದ್ದು ಮಂಡಿ ತರಚಿಕೊಂಡರೆ ನೀವೇನು ಮಾಡುತ್ತೀರಿ? ಒಂದಿಷ್ಟು ಅಳುತ್ತೀರಿ, ನಲ್ಲಿಯ ನೀರಿನಲ್ಲಿ ತೊಳೆದುಕೊಳ್ಳುತ್ತೀರಿ, ಮತ್ತೆ ಆಟಕ್ಕೆ ಓಡುತ್ತೀರಿ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಪಟ್ಟಣದಲ್ಲಿ ಒಬ್ಬ ಪುಟ್ಟ ಹುಡುಗನಿದ್ದ. ಇನ್ನೂ ಶಾಲೆಗೆ ಹೋಗುವ ವಯಸ್ಸಲ್ಲ. ಒಮ್ಮೆ ಹಣೆಗೆ ಪೆಟ್ಟಾಗಿ ರಕ್ತ ಸುರಿಯುತ್ತಿದ್ದಾಗ ಅವನು ಅಳುವುದನ್ನು ಬಿಟ್ಟು, ಈ ರಕ್ತದಲ್ಲಿರುವ ಹಿಮೋಗ್ಲೋಬಿನ್ ಆಕ್ಸಿಜನ್ ಹಿಡಿದುಕೊಂಡಿದೆಯೋ ಅಥವಾ ಕಾರ್ಬನ್ ಮೊನಾಕ್ಸೈಡ್ ಹಿಡಿದುಕೊಂಡಿದೆಯೋ ಎಂದು ಕೇಳಿದನಂತೆ! ಅವನೇ ಮುಂದೆ ಜಗತ್ತಿನ ಹೆಸರಾಂತ ತಳಿವಿಜ್ಞಾನಿಯಾದ ಜೆ. ಬಿ. ಎಸ್. ಹಾಲ್ಡೇನ್.

ಹಾಲ್ಡೇನ್ ಹುಟ್ಟಿದ್ದು 1892ರ ನವೆಂಬರ್ 5ರಂದು. ತಂದೆ ಜಾನ್ ಸ್ಕಾಟ್ ಹಾಲ್ಡೇನ್ ಉಸಿರಾಟದ ಬಗ್ಗೆ ಸಂಶೋಧನೆ ಮಾಡುತ್ತಿದ್ದ ದೊಡ್ಡ ವಿಜ್ಞಾನಿ. ಕಲ್ಲಿದ್ದಲು ಗಣಿಗಳಲ್ಲಿ ವಿಷಾನಿಲದಿಂದ ಕಾರ್ಮಿಕರು ಸಾಯುವುದನ್ನು ತಡೆಯಲು ಅವರು ಜೀವನವಿಡೀ ದುಡಿದರು. ಗಣಿಗೆ ಇಳಿಯುವಾಗ ಕ್ಯಾನರಿ ಹಕ್ಕಿಯನ್ನು ಕೊಂಡೊಯ್ಯುವ ಪದ್ಧತಿ ಅವರ ಸಲಹೆಯಿಂದಲೇ ಬಂತು. ಮನೆಯೇ ಪ್ರಯೋಗಶಾಲೆ. ಮಗನೇ ಸಹಾಯಕ, ಕೆಲವೊಮ್ಮೆ ಪ್ರಯೋಗದ ಪ್ರಾಣಿಯೂ ಹೌದು!

ಒಮ್ಮೆ ತಂದೆ ಮಗನನ್ನು ಗಣಿಯೊಳಗೆ ಕರೆದೊಯ್ದು, ಮೀಥೇನ್ ಅನಿಲ ತುಂಬಿದ ತಗ್ಗು ಸುರಂಗದಲ್ಲಿ ನಿಲ್ಲಿಸಿ, ಷೇಕ್ಸ್‌ಪಿಯರ್ ನಾಟಕದ ಒಂದು ಉದ್ದನೆಯ ಭಾಷಣವನ್ನು ಬಾಯಿಪಾಠ ಹೇಳುವಂತೆ ಹೇಳಿದರು. ಸ್ವಲ್ಪ ಹೊತ್ತಿಗೇ ಹುಡುಗನಿಗೆ ಏದುಸಿರು ಬಂತು, ಕಾಲು ಕುಸಿದು ನೆಲಕ್ಕೆ ಬಿದ್ದ. ಆದರೆ ನೆಲದ ಮೇಲೆ ಗಾಳಿ ಚೆನ್ನಾಗಿತ್ತು! ಮೀಥೇನ್ ಗಾಳಿಗಿಂತ ಹಗುರ, ಅದು ಮೇಲೆ ಸೇರಿಕೊಳ್ಳುತ್ತದೆ ಎಂಬ ಪಾಠವನ್ನು ಅವನು ಮರೆಯಲೇ ಇಲ್ಲ. (ಇಂಥ ಪಾಠವನ್ನು ನಾನು ಯಾವ ಶಿಕ್ಷಕರಿಗೂ ಶಿಫಾರಸು ಮಾಡುವುದಿಲ್ಲ. ನೀವೂ ಪ್ರಯತ್ನಿಸಬೇಡಿ.)

1901ರಲ್ಲಿ ತಂದೆ ಅವನನ್ನು ಒಂದು ಉಪನ್ಯಾಸಕ್ಕೆ ಕರೆದೊಯ್ದರು. ಬಟಾಣಿ ಗಿಡಗಳ ಮೇಲೆ ಮೆಂಡೆಲ್ ನಡೆಸಿದ್ದ ಪ್ರಯೋಗಗಳನ್ನು ಜಗತ್ತು 34 ವರ್ಷ ಮರೆತು, 1900ರಲ್ಲಷ್ಟೇ ಮತ್ತೆ ಕಂಡುಕೊಂಡಿತ್ತು. ಆ ಹೊಸ ಸುದ್ದಿ ಎಂಟು ವರ್ಷದ ಹುಡುಗನ ಕಿವಿಗೂ ಬಿತ್ತು. ಕೆಲವು ವರ್ಷಗಳ ನಂತರ ಅವನೂ ಅವನ ತಂಗಿ ನವೋಮಿಯೂ ಸೇರಿ ಮನೆಯ ಹಿಂದಿನ ಹುಲ್ಲುಹಾಸಿನಲ್ಲಿ ಗಿನಿಯಿಲಿಗಳನ್ನು ಸಾಕಿದರು. ಅವು ಮರಿ ಹಾಕುತ್ತಾ ಹೋಗಿ ಸುಮಾರು 300 ಆದವು! ಮುಂದೆ ಇಲಿಗಳ ಸರದಿ. ನವೋಮಿ ಮತ್ತು ಸ್ಪ್ರಂಟ್ ಎಂಬ ಗೆಳೆಯನ ಜೊತೆ ಹಾಲ್ಡೇನ್ ಕಂಡುಕೊಂಡದ್ದು ಇದು: ಇಲಿಗಳಲ್ಲಿ ಬಿಳಿ ತುಪ್ಪಳ ಮತ್ತು ಗುಲಾಬಿ ಕಣ್ಣು ಎಂಬ ಎರಡು ಗುಣಗಳು ಒಂದಕ್ಕೊಂದು ಅಂಟಿಕೊಂಡಂತೆ ಮರಿಗಳಿಗೆ ಹೋಗುತ್ತವೆ. ಆ ಲೇಖನ 1915ರಲ್ಲಿ ಅಚ್ಚಾಯಿತು. ಆಗ ಮೊದಲ ಮಹಾಯುದ್ಧ ನಡೆಯುತ್ತಿತ್ತು. ಹಾಲ್ಡೇನ್ ಸೈನ್ಯದಲ್ಲಿದ್ದರು. ಸ್ಪ್ರಂಟ್ ಯುದ್ಧದಲ್ಲಿ ಮಡಿದರು.

ಗುಣಗಳು ಅಂಟಿಕೊಳ್ಳುವುದು ಎಂದರೇನು? ಸ್ವಲ್ಪ ನಿಂತು ನೋಡೋಣ. ನಮ್ಮ ಜೀವಕೋಶಗಳಲ್ಲಿ ವರ್ಣತಂತುಗಳಿವೆ. ನಮಗೆ 23 ಜೊತೆ. ಪ್ರತಿ ಜೊತೆಯಲ್ಲೂ ಒಂದು ಅಮ್ಮನಿಂದ, ಒಂದು ಅಪ್ಪನಿಂದ ಬಂದದ್ದು. ವರ್ಣತಂತು ಒಂದು ಹೂಮಾಲೆ ಎಂದುಕೊಳ್ಳಿ. ಅದರ ಒಂದೊಂದು ಹೂವೂ ಒಂದೊಂದು ಜೀನ್. ಈಗ ಒಂದು ಮೊಳ ಮಲ್ಲಿಗೆ ಮಾಲೆ ಮತ್ತು ಒಂದು ಮೊಳ ಕನಕಾಂಬರದ ಮಾಲೆಯನ್ನು ಪಕ್ಕಪಕ್ಕ ಇಡಿ. ಎರಡನ್ನೂ ಒಂದೇ ಜಾಗದಲ್ಲಿ ಕತ್ತರಿಸಿ, ತುಂಡುಗಳನ್ನು ಅದಲುಬದಲು ಮಾಡಿ ಗಂಟು ಹಾಕಿ. ಅರ್ಧ ಮಲ್ಲಿಗೆ, ಅರ್ಧ ಕನಕಾಂಬರದ ಎರಡು ಹೊಸ ಮಾಲೆಗಳಾದವು! ಅಂಡಾಣು ಮತ್ತು ವೀರ್ಯಾಣು ತಯಾರಾಗುವಾಗ ವರ್ಣತಂತುಗಳು ನಿಜವಾಗಿಯೂ ಹೀಗೆಯೇ ತುಂಡು ಬದಲಿಸಿಕೊಳ್ಳುತ್ತವೆ. ಇದಕ್ಕೆ ಮರುಸಂಯೋಜನೆ ಎನ್ನುತ್ತಾರೆ. ನೀವು ನಿಮ್ಮ ಅಣ್ಣನಂತೆ ತದ್ರೂಪಾಗಿ ಇಲ್ಲದಿರಲು ಇದೂ ಒಂದು ಕಾರಣ.

ಮಾಲೆಯಲ್ಲಿ ಅಕ್ಕಪಕ್ಕದಲ್ಲಿರುವ ಎರಡು ಹೂಗಳ ನಡುವೆಯೇ ಕತ್ತರಿ ಬೀಳುವುದು ಅಪರೂಪ. ದೂರದ ಹೂಗಳು ಬೇರೆಯಾಗುವುದು ಹೆಚ್ಚು. ಹಾಗಾದರೆ ಎಷ್ಟು ಸಲ ಬೇರೆಯಾದವು ಎಂದು ಎಣಿಸಿದರೆ, ಜೀನ್‌ಗಳ ನಡುವಿನ ದೂರ ತಿಳಿಯುತ್ತದಲ್ಲವೇ? ಅಮೆರಿಕದ ಮಾರ್ಗನ್ ಮತ್ತು ಅವರ ಶಿಷ್ಯರು ಹಣ್ಣಿನ ನೊಣಗಳಲ್ಲಿ ಇದನ್ನು ತೋರಿಸಿದ್ದರು. 1919ರಲ್ಲಿ ಹಾಲ್ಡೇನ್ ಈ ದೂರವನ್ನು ಲೆಕ್ಕ ಹಾಕಲು ಒಂದು ಗಣಿತ ಸೂತ್ರವನ್ನೇ ಕೊಟ್ಟರು. ನಾವು ಹೂವನ್ನು ಮೊಳದಲ್ಲಿ ಅಳೆಯುವಂತೆ ವರ್ಣತಂತುವನ್ನು ಅಳೆಯಲು ಒಂದು ಅಳತೆ ಬೇಕಿತ್ತು. ಅದಕ್ಕೆ ಅವರು ಮಾರ್ಗನ್ ಎಂದೇ ಹೆಸರಿಟ್ಟರು.

ಸ್ವಾರಸ್ಯವೇನು ಗೊತ್ತೇ? ಹಾಲ್ಡೇನರ ಬಳಿ ವಿಜ್ಞಾನದ ಪದವಿಯೇ ಇರಲಿಲ್ಲ. ಆಕ್ಸ್‌ಫರ್ಡಿನಲ್ಲಿ ಅವರು ಓದಿದ್ದು ಗಣಿತ, ಗ್ರೀಕ್ ಮತ್ತು ಲ್ಯಾಟಿನ್. ಆದರೂ ಕೇಂಬ್ರಿಜ್‌ನಲ್ಲಿ ಜೀವರಸಾಯನ ಕಲಿಸಿದರು. 1933ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ತಳಿಶಾಸ್ತ್ರದ ಪ್ರಾಧ್ಯಾಪಕರಾದರು.

ಅಲ್ಲಿ ಅವರನ್ನು ಕಾಡಿದ್ದು ಒಂದು ರಕ್ತದ ಕಾಯಿಲೆ. ಅದೇ ಹೀಮೋಫೀಲಿಯಾ, ಅಂದರೆ ಕುಸುಮರೋಗ. ಈ ರೋಗವಿದ್ದವರಿಗೆ ಗಾಯವಾದರೆ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಹೆಪ್ಪುಗಟ್ಟಿಸುವ ಒಂದು ಅಂಶ ಅವರ ದೇಹದಲ್ಲಿ ತಯಾರಾಗುವುದಿಲ್ಲ. ತೀವ್ರವಾಗಿದ್ದರೆ ಪೆಟ್ಟು ಬೀಳದೆಯೂ ಮಂಡಿ, ಮೊಣಕೈ ಕೀಲುಗಳ ಒಳಗೆ ರಕ್ತ ಜಿನುಗುತ್ತದೆ. ಇದರ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಹುಡುಗಿಯರಿಗೆ ಎರಡು ಎಕ್ಸ್. ಒಂದು ಕೆಟ್ಟರೂ ಇನ್ನೊಂದು ಸಾಮಾನ್ಯವಾಗಿ ಕಾಪಾಡುತ್ತದೆ. ಹುಡುಗರಿಗೆ ಇರುವುದು ಒಂದೇ ಎಕ್ಸ್, ಅದೂ ಅಮ್ಮನಿಂದ ಬಂದದ್ದು. ಜೊತೆಗಿರುವ ವೈ ಬಹಳ ಚಿಕ್ಕದು. ಅದರಲ್ಲಿ ಈ ಜೀನ್ ಇಲ್ಲ. ಆದ್ದರಿಂದ ರೋಗ ಬರುವುದು ಹೆಚ್ಚಾಗಿ ಹುಡುಗರಿಗೇ.

ಕೆಲವು ವರ್ಷಗಳ ಹಿಂದೆ ನಾನು ಒಂದು ಶಾಲೆಗೆ ಹೋಗಿದ್ದಾಗ ಎಲ್ಲರೂ ಕಬಡ್ಡಿ ಆಡುತ್ತಿದ್ದರು. ಒಬ್ಬ ಹುಡುಗ ಮಾತ್ರ ಊದಿದ ಮಂಡಿಯನ್ನು ಹಿಡಿದುಕೊಂಡು ಜಗಲಿಯ ಮೇಲೆ ಕುಳಿತಿದ್ದ. ಅವನಿಗೆ ಕುಸುಮರೋಗ. ಮನೆಯಲ್ಲಿ ಅವನ ಅಮ್ಮನನ್ನೇ ಎಲ್ಲರೂ ದೂರುತ್ತಿದ್ದರು. ಅವಳ ತವರಿನ ದೋಷ ಎನ್ನುತ್ತಿದ್ದರು. ಆದರೆ ಅವಳ ತವರಿನಲ್ಲಿ ಯಾರಿಗೂ ಈ ರೋಗ ಇರಲಿಲ್ಲ! ಹಾಗಾದರೆ ಎಲ್ಲಿಂದ ಬಂತು? ಹಾಲ್ಡೇನರ ಪ್ರಶ್ನೆಯೂ ಇದೇ.

ಅವರ ತರ್ಕ ಎಷ್ಟು ಸರಳ ನೋಡಿ. ಒಂದು ತೂತು ತೊಟ್ಟಿ ಇದೆ. ನೀರು ಸೋರುತ್ತಲೇ ಇದೆ. ಆದರೂ ಮಟ್ಟ ಇಳಿಯುತ್ತಿಲ್ಲ. ಅಂದರೆ ಎಲ್ಲೋ ಒಂದು ನಲ್ಲಿ ತೆರೆದಿರಲೇಬೇಕು! ಆ ಕಾಲದಲ್ಲಿ ಕುಸುಮರೋಗದ ಹುಡುಗರು ಹೆಚ್ಚಿನವರು ಮದುವೆ ಮಕ್ಕಳಾಗುವ ಮೊದಲೇ ಸಾಯುತ್ತಿದ್ದರು. ಅವರ ಜೊತೆ ಆ ಕೆಟ್ಟ ಜೀನ್ ಕೂಡ ಮುಗಿದುಹೋಗುತ್ತಿತ್ತು. ಹೀಗೆ ತಲೆಮಾರು ತಲೆಮಾರಿಗೂ ಸೋರಿದರೂ ರೋಗ ಇಲ್ಲವಾಗಲಿಲ್ಲ. ಆದ್ದರಿಂದ ಆರೋಗ್ಯವಂತ ಕುಟುಂಬಗಳಲ್ಲೇ ಒಳ್ಳೆಯ ಜೀನ್ ಆಗೊಮ್ಮೆ ಈಗೊಮ್ಮೆ ತಾನಾಗಿ ಕೆಡುತ್ತಿರಬೇಕು. ಇದಕ್ಕೆ ಉತ್ಪರಿವರ್ತನೆ ಎನ್ನುತ್ತಾರೆ. 1935ರಲ್ಲಿ ಹಾಲ್ಡೇನ್ ಲಂಡನ್ನಿನ ರೋಗಿಗಳ ಲೆಕ್ಕ ಹಿಡಿದು, ಸುಮಾರು 50,000 ಸಲಕ್ಕೆ ಒಮ್ಮೆ ಇದು ನಡೆಯುತ್ತದೆ ಎಂದು ತೋರಿಸಿದರು. ಮನುಷ್ಯರ ಒಂದು ಜೀನ್ ಎಷ್ಟು ಸಲ ಕೆಡುತ್ತದೆ ಎಂಬ ಲೆಕ್ಕ ಅಲ್ಲಿಯವರೆಗೆ ಹೀಗೆ ಸಿಕ್ಕಿರಲಿಲ್ಲ. ಸೂಕ್ಷ್ಮದರ್ಶಕ ಬೇಕಾಗಲಿಲ್ಲ, ಕಾಗದ ಪೆನ್ಸಿಲ್ ಸಾಕಾಯಿತು. ಡಿಎನ್‌ಎಯ ರಚನೆ ತಿಳಿದದ್ದೇ ಇದಾಗಿ 18 ವರ್ಷಗಳ ನಂತರ, 1953ರಲ್ಲಿ!

1937ರಲ್ಲಿ ಜೂಲಿಯಾ ಬೆಲ್ ಎಂಬ ವಿಜ್ಞಾನಿಯ ಜೊತೆ ಅವರು ಇನ್ನೊಂದು ಕೆಲಸ ಮಾಡಿದರು. ಬೆಲ್ ಗಣಿತ ಓದಿದವರು, ವೈದ್ಯರೂ ಆಗಿದ್ದರು. ರೋಗಿಗಳ ವಂಶವೃಕ್ಷಗಳನ್ನು ಸಂಗ್ರಹಿಸುವುದರಲ್ಲಿ ಅವರಷ್ಟು ತಾಳ್ಮೆ ಬೇರೆಯವರಿಗೆ ಇರಲಿಲ್ಲ. ಕುಸುಮರೋಗ ಮತ್ತು ವರ್ಣಾಂಧತೆ ಎರಡೂ ಇದ್ದ ಕುಟುಂಬಗಳನ್ನು ಇಬ್ಬರೂ ಹುಡುಕಿದರು. ಕೆಂಪು ಹಸಿರುಗಳನ್ನು ಬೇರೆ ಮಾಡಿ ನೋಡಲಾಗದ ವರ್ಣಾಂಧತೆಯ ಜೀನ್ ಕೂಡ ಎಕ್ಸ್ ವರ್ಣತಂತುವಿನಲ್ಲೇ ಇದೆ. ಎರಡೂ ಜೀನ್ ಒಂದೇ ಎಕ್ಸ್ ಮೇಲೆ ಇರುವ ತಾಯಿಯ ಮಕ್ಕಳಲ್ಲಿ, ರಕ್ತ ಸೋರುವ ಹುಡುಗನಿಗೆ ಬಣ್ಣವೂ ಕಾಣುವುದಿಲ್ಲ. ಎಲ್ಲೋ ಅಪರೂಪಕ್ಕೆ ಮಾತ್ರ ಮಾಲೆ ಅದಲುಬದಲಾಗಿ, ರೋಗವಿದ್ದೂ ಬಣ್ಣ ಕಾಣುವ ಹುಡುಗ ಹುಟ್ಟುತ್ತಾನೆ. ಅಂದರೆ ಇವೆರಡೂ ಮಾಲೆಯಲ್ಲಿ ಹತ್ತಿರದ ಹೂಗಳು. ಮನುಷ್ಯರ ಎರಡು ಜೀನ್‌ಗಳ ನಡುವಿನ ಅಂತರ ಹೀಗೆ ಮೊದಲ ಬಾರಿಗೆ ಅಂದಾಜಿಗೆ ಸಿಕ್ಕಿತು. ಬೆಲ್ 100 ವರ್ಷ ಬದುಕಿ 1979ರಲ್ಲಿ ತೀರಿಕೊಂಡರು.

1947ರಲ್ಲಿ ಹಾಲ್ಡೇನರ ಲೆಕ್ಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಉತ್ಪರಿವರ್ತನೆ ಗಂಡು ಹೆಣ್ಣು ಇಬ್ಬರಲ್ಲೂ ಸಮನಾಗಿ ನಡೆದರೆ ರೋಗಿಗಳಲ್ಲಿ ಮೂರನೇ ಒಂದು ಭಾಗದವರ ತಾಯಂದಿರಲ್ಲಿ ಕೆಟ್ಟ ಜೀನ್ ಇರಬಾರದು. ಅದು ಆ ಮಗುವಿಗೆ ಸೇರಿದ ಅಂಡಾಣುವಿನಲ್ಲೇ ಹೊಸದಾಗಿ ಕೆಟ್ಟಿರಬೇಕು. ಆದರೆ ಹೆಚ್ಚುಕಡಿಮೆ ಎಲ್ಲ ತಾಯಂದಿರಲ್ಲೂ ಕೆಟ್ಟ ಜೀನ್ ಇದ್ದಂತೆ ಕಂಡಿತು. ಹಾಗಾದರೆ ಅವರಿಗೆ ಎಲ್ಲಿಂದ ಬಂತು? ಅವರ ಅಪ್ಪನಿಂದ! ಅಪ್ಪನಿಗೆ ರೋಗವಿಲ್ಲ. ಆದರೆ ಅವನ ವೀರ್ಯಾಣು ತಯಾರಾಗುವಾಗ ಜೀನ್ ಕೆಟ್ಟಿತು, ಮಗಳಿಗೆ ಬಂತು, ಮೊಮ್ಮಗನಲ್ಲಿ ರೋಗವಾಗಿ ಕಾಣಿಸಿತು. ಗಂಡಸರಲ್ಲಿ ಈ ಕೆಡುವಿಕೆ ಹೆಂಗಸರಿಗಿಂತ ಸುಮಾರು ಹತ್ತು ಪಟ್ಟು ಇರಬಹುದೆಂದು ಹಾಲ್ಡೇನ್ ಅಂದಾಜಿಸಿದರು. ಜಗಲಿಯ ಮೇಲೆ ಕುಳಿತಿದ್ದ ಹುಡುಗನ ಮನೆಯವರು ಇದನ್ನು ಕೇಳಬೇಕಿತ್ತು.

ಹಾಲ್ಡೇನ್ ಸುಲಭದ ಮನುಷ್ಯರಲ್ಲ. ಮುಂಗೋಪಿ. ತಮ್ಮ ಮೇಲೇ ಅಪಾಯದ ಪ್ರಯೋಗ ಮಾಡಿಕೊಳ್ಳುತ್ತಿದ್ದರು. 1939ರಲ್ಲಿ ಥೆಟಿಸ್ ಎಂಬ ಜಲಾಂತರ್ಗಾಮಿ ಮುಳುಗಿ 99 ಜನ ಸತ್ತಾಗ, ಕಾರಣ ತಿಳಿಯಲು ತಾವೇ ಉಕ್ಕಿನ ಕೋಣೆಯೊಳಗೆ ಹೊಕ್ಕು ಗಾಳಿಯ ಒತ್ತಡ ಸಹಿಸಿದರು. ಇಂಥ ಪ್ರಯೋಗಗಳಿಂದ ಅವರ ಕಿವಿಯ ತಮಟೆ ತೂತಾಯಿತು, ಬೆನ್ನುಮೂಳೆಗೂ ಪೆಟ್ಟಾಯಿತು. ಒಂದು ತಪ್ಪನ್ನೂ ಹೇಳಬೇಕು. ಸೋವಿಯತ್ ಒಕ್ಕೂಟದಲ್ಲಿ ಲೈಸೆಂಕೋ ಎಂಬಾತ ತಳಿಶಾಸ್ತ್ರವನ್ನೇ ತುಳಿದುಹಾಕಿದಾಗ, ಹಾಲ್ಡೇನರನ್ನು ಆ ದೇಶಕ್ಕೆ ಆಹ್ವಾನಿಸಿದ್ದ ವಿಜ್ಞಾನಿ ವಾವಿಲೋವ್ 1943ರಲ್ಲಿ ಸೆರೆಮನೆಯಲ್ಲಿ ಸತ್ತಾಗಲೂ, ಕಮ್ಯೂನಿಸ್ಟ್ ಪಕ್ಷದಲ್ಲಿದ್ದ ಹಾಲ್ಡೇನ್ ಬಹುಕಾಲ ಗಟ್ಟಿಯಾಗಿ ಖಂಡಿಸಲಿಲ್ಲ. ಅಷ್ಟು ಧೈರ್ಯವಂತರು ಅಲ್ಲಿ ಮಾತ್ರ ಏಕೆ ಹಿಂಜರಿದರೋ ಎಂದು ನನಗೆ ಬೇಸರವಾಗುತ್ತದೆ.

ಮೊದಲ ಮಹಾಯುದ್ಧದಲ್ಲಿ ಗಾಯಗೊಂಡಾಗ ಅವರನ್ನು ಭಾರತಕ್ಕೆ ಕಳುಹಿಸಿದ್ದರು. ಆಗಲೇ ಈ ದೇಶ ಅವರ ಮನಸ್ಸಿನಲ್ಲಿ ಉಳಿದಿತ್ತು. 1956ರಲ್ಲಿ ಬ್ರಿಟನ್ ಈಜಿಪ್ಟಿನ ಸೂಯೆಜ್ ಮೇಲೆ ದಾಳಿ ಮಾಡಿದ್ದನ್ನು ಅವರು ಕಟುವಾಗಿ ವಿರೋಧಿಸಿದರು. 1957ರಲ್ಲಿ ಹೆಂಡತಿ ಹೆಲೆನ್ ಸ್ಪರ್ವೇ ಜೊತೆ ಕಲ್ಕತ್ತಕ್ಕೆ ಬಂದು ಮಹಲನೋಬಿಸ್ ಅವರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸೇರಿದರು. ನಮ್ಮ ಉಡುಪು ತೊಟ್ಟರು, ಮಾಂಸಾಹಾರ ಬಿಟ್ಟರು, ಭಾರತದ ಪೌರತ್ವವನ್ನೂ ಪಡೆದರು. ದುಬಾರಿ ಯಂತ್ರಗಳಿಲ್ಲದೆಯೂ ಇಲ್ಲಿ ಸಂಶೋಧನೆ ಸಾಧ್ಯ ಎಂಬುದು ಅವರ ನಂಬಿಕೆ. ಅವರ ಗುಂಪಿನವರು ಹೂವಿನ ಎಸಳುಗಳನ್ನು ಎಣಿಸಿದರು, ತೆಂಗಿನ ಗರಿಗಳು ಎಡಕ್ಕೆ ಸುತ್ತುತ್ತವೋ ಬಲಕ್ಕೋ ಎಂದು ನೋಡಿದರು. ನಿಮ್ಮ ತೋಟದಲ್ಲೂ ಎಡಮರ ಬಲಮರಗಳಿವೆ, ಎಣಿಸಿ ನೋಡಿ! 1962ರಲ್ಲಿ ಹಾಲ್ಡೇನ್ ಭುವನೇಶ್ವರಕ್ಕೆ ಹೋಗಿ ನೆಲೆಸಿದರು. ಅಲ್ಲೇ 1964ರ ಡಿಸೆಂಬರ್ 1ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ತಮ್ಮ ದೇಹವನ್ನು ಆಂಧ್ರದ ಕಾಕಿನಾಡದ ವೈದ್ಯಕೀಯ ಕಾಲೇಜಿಗೆ ಬರೆದುಕೊಟ್ಟಿದ್ದರು, ವಿದ್ಯಾರ್ಥಿಗಳು ಕಲಿಯಲೆಂದು.

ಅವರು ಸತ್ತು 29 ವರ್ಷಗಳಾದ ಮೇಲೆ, 1993ರಲ್ಲಿ, ತೀವ್ರ ಕುಸುಮರೋಗದ ಒಂದು ದೊಡ್ಡ ಕಾರಣ ಡಿಎನ್‌ಎಯಲ್ಲೇ ಸಿಕ್ಕಿತು. ಅದನ್ನು ನೀವು ಮೇಜಿನ ಮೇಲೆ ಮಾಡಿ ನೋಡಬಹುದು. ಉದ್ದನೆಯ ಕಾಗದದ ಪಟ್ಟಿಯ ಮೇಲೆ 1ರಿಂದ 10ರವರೆಗೆ ಬರೆಯಿರಿ. 1ರಿಂದ 6ರವರೆಗಿನದು ರಕ್ತ ಹೆಪ್ಪುಗಟ್ಟಿಸುವ ಜೀನ್ ಎಂದುಕೊಳ್ಳಿ. 3 ಮತ್ತು 4ರ ನಡುವೆ ಒಂದು ಚುಕ್ಕೆ, 8 ಮತ್ತು 9ರ ನಡುವೆ ಒಂದು ಚುಕ್ಕೆ ಇಡಿ. ಪಟ್ಟಿಯನ್ನು ಕುಣಿಕೆಯಂತೆ ಬಾಗಿಸಿ ಎರಡೂ ಚುಕ್ಕೆಗಳನ್ನು ಸೇರಿಸಿ. ಚುಕ್ಕೆಗಳಲ್ಲಿ ಕತ್ತರಿಸಿ, 3ರ ತುದಿಯನ್ನು 8ಕ್ಕೂ, 4ರ ತುದಿಯನ್ನು 9ಕ್ಕೂ ಅಂಟಿಸಿ. ಈಗ ಓದಿ: 1, 2, 3, 8, 7, 6, 5, 4, 9, 10! ಒಂದೂ ಅಂಕಿ ಕಳೆದಿಲ್ಲ. ಆದರೆ ಜೀನ್ ಎರಡು ಹೋಳಾಗಿ, ಒಂದು ಹೋಳು ತಲೆಕೆಳಗಾಗಿ ದೂರ ಹೋಯಿತು.

ಎಕ್ಸ್ ವರ್ಣತಂತುವಿನ ತುದಿಯಲ್ಲಿ ನಡೆಯುವುದೂ ಇದೇ. ಆ ಜೀನಿನ ಒಳಗೆ ಸುಮಾರು 9,500 ಅಕ್ಷರಗಳ ಒಂದು ತುಣುಕಿದೆ. ಹೊರಗೆ, ಸ್ವಲ್ಪ ದೂರದಲ್ಲಿ, ಅದರ ನಕಲುಗಳೂ ಇವೆ. ಇವೇ ನಮ್ಮ ಚುಕ್ಕೆಗಳು. ಹೆಂಗಸರಲ್ಲಿ ಎಕ್ಸ್‌ಗೆ ಇನ್ನೊಂದು ಎಕ್ಸ್ ಜೊತೆ ಸಿಗುತ್ತದೆ, ಮಾಲೆಗಳು ಸರಿಯಾಗಿ ಅಕ್ಕಪಕ್ಕ ಕೂರುತ್ತವೆ. ಗಂಡಸರಲ್ಲಿ ಎಕ್ಸ್‌ಗೆ ಸರಿಜೋಡಿಯಿಲ್ಲ. ಒಂಟಿ ಎಕ್ಸ್ ತನ್ನ ಮೇಲೆ ತಾನೇ ಬಾಗಿ, ನಕಲನ್ನೇ ಜೊತೆಯೆಂದು ತಪ್ಪು ತಿಳಿದು ಅದಲುಬದಲು ಮಾಡಿಕೊಳ್ಳುತ್ತದೆ. ಆದ್ದರಿಂದಲೇ ಈ ತಿರುವು ಬಹುತೇಕ ವೀರ್ಯಾಣು ತಯಾರಾಗುವಾಗ ಆಗುತ್ತದೆ. ಹಾಲ್ಡೇನ್ 1947ರಲ್ಲಿ ಕಾಗದದ ಮೇಲೆ ಕಂಡದ್ದಕ್ಕೆ ಇದು ಒಂದು ಕಾರಣ.

ಕುಸುಮರೋಗದಲ್ಲಿ ಎ ಮತ್ತು ಬಿ ಎಂಬ ಎರಡು ಮುಖ್ಯ ಬಗೆಗಳಿವೆ. ತೀವ್ರವಾದ ಎ ಬಗೆ ಇರುವ ನೂರು ಜನರಲ್ಲಿ ಸುಮಾರು 45 ಮಂದಿಗೆ ಕಾರಣ ಈ ಒಂದೇ ತಿರುವು. ಇಂದು ಅಂಥ ಮಗುವಿನ ರಕ್ತ ತಳಿ ಪರೀಕ್ಷೆಗೆ ಬಂದರೆ ಪ್ರಯೋಗಾಲಯದವರು ಸಾಮಾನ್ಯವಾಗಿ ಮೊದಲು ಹುಡುಕುವುದು ಇದನ್ನೇ. ಕೊರತೆಯಾದ ಅಂಶವನ್ನು ಚುಚ್ಚುಮದ್ದಿನ ಮೂಲಕ ಕೊಡುವ ಚಿಕಿತ್ಸೆಯೂ ಇದೆ. ನಾನು ಕಂಡ ಆ ಹುಡುಗ ಈಗ ಅದನ್ನು ಪಡೆಯುತ್ತಿದ್ದಾನೆ. ಕಬಡ್ಡಿ ಆಡುವುದಿಲ್ಲ, ಶಾಲೆಯ ಸ್ಕೋರು ಬರೆಯುತ್ತಾನೆ.