ಕಣ್ಣು ಹೋದರೂ ಲೆಕ್ಕ ಬಿಡದ ಆಯ್ಲರ್

ಲಿಯೊನಾರ್ಡ್ ಆಯ್ಲರ್ 1707ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಹುಟ್ಟಿದರು. ತಂದೆ ಪಾದ್ರಿ, ಮಗನಿಗೋ ಲೆಕ್ಕದ ಹುಚ್ಚು. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕೆಲಸಕ್ಕಿದ್ದಾಗ 1738ರಲ್ಲಿ ಬಲಗಣ್ಣು ಹೋಯಿತು. ಆಮೇಲೆ ಎಡಗಣ್ಣಿಗೂ ಪೊರೆ ಬಂತು. 1771ರಲ್ಲಿ ಮನೆ ಸುಟ್ಟುಹೋಯಿತು, ಕಣ್ಣಿನ ಆಪರೇಷನ್ನೂ ಕೈಕೊಟ್ಟಿತು.

ಬೇರೆಯವರಾಗಿದ್ದರೆ ಮೂಲೆ ಹಿಡಿಯುತ್ತಿದ್ದರು. ಆಯ್ಲರ್ ಮರುವರ್ಷವೇ 2147483647 ಅವಿಭಾಜ್ಯ ಸಂಖ್ಯೆ ಅಂತ ತೋರಿಸಿದರು! 31 ಎರಡುಗಳನ್ನು ಗುಣಿಸಿ 1 ಕಳೆದರೆ ಇದು ಬರುತ್ತೆ. ನಾವಾದರೆ ಅದರ ವರ್ಗಮೂಲದವರೆಗೆ, ಅಂದರೆ 46340ರವರೆಗೆ, 4000ಕ್ಕೂ ಹೆಚ್ಚು ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. 248ರಿಂದ ಭಾಗಿಸಿದಾಗ 1 ಇಲ್ಲವೇ 63 ಉಳಿಯುವಂಥವನ್ನು ನೋಡಿದರೆ ಸಾಕು ಅಂತ ಅವರು ಕಂಡುಕೊಂಡರು. ಅಂಥವು ನೂರೂ ಇಲ್ಲ. ಅವರು ಬಾಯಲ್ಲಿ ಹೇಳೋದು, ಮಗ, ಶಿಷ್ಯರು ಬರೆಯೋದು. ಕಾಗದ ಪೆನ್ನು ಇಟ್ಟುಕೊಂಡೂ ನನಗೆ ಒಂದು ಭಾಗಾಕಾರಕ್ಕೇ ಅರ್ಧ ಹಾಳೆ ಬೇಕಾಯಿತು.

1783ರ ಸೆಪ್ಟೆಂಬರ್ 18ರಂದು, ಯುರೇನಸ್ ಗ್ರಹದ ದಾರಿಯ ಲೆಕ್ಕ ಮಾತಾಡಿದ ದಿನವೇ, ತೀರಿಕೊಂಡರು.