ಐದು ಸ್ವರದ ನಂಟು: ಮಿರಜದ ಅಬ್ದುಲ್ ಕರೀಂ ಖಾನ್

ಮಿರಜ: ಸಾ ರಿ ಗ ಪ ಧ. ಇಷ್ಟೇ ಐದು ಸ್ವರ. ಹಿಂದುಸ್ತಾನಿ ಗಾಯಕರು ಇದನ್ನು ಭೂಪ ಎನ್ನುತ್ತಾರೆ, ಕರ್ನಾಟಕ ಸಂಗೀತದವರು ಮೋಹನ ಎನ್ನುತ್ತಾರೆ. ಚೀನಾದ ಹಾಡುಗಳಲ್ಲೂ ಸ್ಕಾಟ್ಲೆಂಡಿನ ಜನಪದ ಧಾಟಿಗಳಲ್ಲೂ ಇದೇ ಐದು ಸ್ವರ ಕೇಳುತ್ತವೆ. ಮ ಮತ್ತು ನಿ ಇಲ್ಲದ್ದರಿಂದ ಸ್ವರಗಳು ತೀರ ಒತ್ತೊತ್ತಾಗಿ ಬರುವುದಿಲ್ಲ. ಸಣ್ಣ ಮಕ್ಕಳೂ ಬೇಗ ಹಿಡಿಯುತ್ತಾರೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ನಮ್ಮ ಗಡಿಭಾಗದವರಿಗೆ ಒಂದೇ ವಸ್ತುವಿಗೆ ಎರಡು ಹೆಸರಿರುವುದು ಹೊಸದೇನಲ್ಲ. ಸ್ವರಕ್ಕೆ ಗಡಿಯಿಲ್ಲ ಎಂಬುದನ್ನು ಬಾಳಿ ತೋರಿಸಿದವರು ಮಿರಜದಲ್ಲಿ ನೆಲೆಸಿದ್ದ ಉಸ್ತಾದ್ ಅಬ್ದುಲ್ ಕರೀಂ ಖಾನ್.

ಖಾನ್ ಸಾಹೇಬರು ಹುಟ್ಟಿದ್ದು 1872ರಲ್ಲಿ, ಇಂದಿನ ಉತ್ತರ ಪ್ರದೇಶದ ಕೈರಾನಾದಲ್ಲಿ. ಕಿರಾಣಾ ಘರಾಣೆಗೆ ಆ ಊರಿನದೇ ಹೆಸರು. ಬರೋಡಾ ದರಬಾರಿನಲ್ಲಿ ಹಾಡಿಕೊಂಡಿದ್ದ ಅವರು ಶಿಷ್ಯೆ ತಾರಾಬಾಯಿ ಮಾನೆಯವರೊಡನೆ ಅಲ್ಲಿಂದ ಹೊರಟು ಈ ಕಡೆಗೆ ಬಂದರು. ಮಿರಜದಲ್ಲಿ ಪ್ಲೇಗ್ ತಗುಲಿದಾಗ ಮೀರಾಸಾಹೇಬ ದರ್ಗಾದಲ್ಲಿ ಬೇಡಿಕೊಂಡು ಗುಣವಾದರೆಂದು ಊರವರು ಹೇಳುತ್ತಾರೆ. 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆರೆದು ಬಡ ಹುಡುಗರಿಗೆ ಊಟ, ವಸತಿ ಕೊಟ್ಟು ಕಲಿಸಿದರು.

ಅವರ ಹಾಡಿಕೆಯಲ್ಲಿ ಆರ್ಭಟವಿರಲಿಲ್ಲ. ಒಂದೊಂದು ಸ್ವರವನ್ನೂ ಅದರ ಜಾಗದಲ್ಲಿ ನಿಲ್ಲಿಸುವುದೇ ಅವರ ಸಾಧನೆ. ಸಾಂಗಲಿಯ ಕೆ.ಬಿ. ದೇವಲರು 22 ಶ್ರುತಿಗಳ ಲೆಕ್ಕ ಹಾಕುವಾಗ ನೆರವಾದದ್ದು ಇದೇ ಕಂಠ. ತಂಬೂರಿ ಕೆಟ್ಟರೆ ತಾವೇ ಕುಳಿತು ರಿಪೇರಿ ಮಾಡುತ್ತಿದ್ದರು. ಅವರ ಶುದ್ಧ ಕಲ್ಯಾಣದ ಧ್ವನಿಮುದ್ರಿಕೆ ಈಗಲೂ ಸಿಗುತ್ತದೆ. ಆ ರಾಗ ಮೇಲೇರುವುದು ಭೂಪದ ಐದೇ ಸ್ವರಗಳಲ್ಲಿ.

ಮೈಸೂರು ಅರಮನೆಗೆ ಹೋಗಿಬರುತ್ತ ದಕ್ಷಿಣದ ಸಂಗೀತಕ್ಕೂ ಕಿವಿಗೊಟ್ಟರು. ಅಲ್ಲಿಯ ರೀತಿಯ ಸರಿಗಮವನ್ನು ತಮ್ಮ ಗಾಯನಕ್ಕೆ ತಂದರು. ತ್ಯಾಗರಾಜರ ಕೃತಿಯೊಂದನ್ನು ಖರಹರಪ್ರಿಯದಲ್ಲಿ ಹಾಡಿ ಮುದ್ರಿಸಿದರು. ಆ ಕಾಲದ ಉತ್ತರದ ಉಸ್ತಾದರಲ್ಲಿ ಇದು ಅಪರೂಪ. ಕುಂದಗೋಳದ ರಾಮಭಾವು ಅವರಲ್ಲಿ ಕಲಿತು ಸವಾಯಿ ಗಂಧರ್ವರಾದರು. ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಕಲಿತರು. ಬಾಲಕ ಭೀಮಸೇನರು ಗುರುವನ್ನು ಹುಡುಕಿ ಮನೆ ಬಿಟ್ಟದ್ದು ಖಾನ್ ಸಾಹೇಬರ ರೆಕಾರ್ಡು ಕೇಳಿ. ಧಾರವಾಡ ಸೀಮೆಗೆ ಕಿರಾಣಾ ಗಾಯನ ಬಂದ ದಾರಿ ಇದು.

ಎಲ್ಲರನ್ನೂ ಒಂದುಗೂಡಿಸಿದ ಸ್ವರ ಅವರ ಸ್ವಂತ ಮನೆಯನ್ನು ಉಳಿಸಲಿಲ್ಲ. 1922ರಲ್ಲಿ ತಾರಾಬಾಯಿ ಐದು ಮಕ್ಕಳೊಂದಿಗೆ ಬೇರೆಯಾದರು. ಮಕ್ಕಳಿಗೆ ಹೊಸ ಹೆಸರು ಬಂತು. ಆದರೂ ಸುರೇಶಬಾಬು ಮಾನೆ, ಹೀರಾಬಾಯಿ ಬಡೋದೇಕರ, ಸರಸ್ವತಿ ರಾಣೆ ಹಾಡಿ ಬೆಳೆಸಿದ್ದು ತಂದೆಯ ಕಿರಾಣಾ ಗಾಯಕಿಯನ್ನೇ.

1937ರ ಅಕ್ಟೋಬರ್ 27. ಮದ್ರಾಸಿನಿಂದ ಪಾಂಡಿಚೇರಿಗೆ ಹೊರಟಿದ್ದ ಖಾನ್ ಸಾಹೇಬರಿಗೆ ರೈಲಿನಲ್ಲಿ ಎದೆನೋವು ಬಂತು. ಸಿಂಗಪೆರುಮಾಳ್ ಕೋವಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದು, ಪ್ಲಾಟ್‌ಫಾರ್ಮಿನಲ್ಲಿ ಹಾಸಿಗೆ ಹಾಸಿಸಿ, ದರಬಾರಿ ರಾಗದಲ್ಲಿ ಪ್ರಾರ್ಥನೆ ಹಾಡುತ್ತಲೇ ಕಣ್ಣುಮುಚ್ಚಿದರು. ಶಿಷ್ಯರು ದೇಹವನ್ನು ಮಿರಜಕ್ಕೆ ತಂದು ಮೀರಾಸಾಹೇಬ ದರ್ಗಾದ ಆವರಣದಲ್ಲಿ ಮಣ್ಣು ಮಾಡಿದರು.

ಮಿರಜದ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಜಿಐ ಮಾನ್ಯತೆ ದೊರೆತಿದೆ. ಉರುಸಿನಲ್ಲಿ ಖಾನ್ ಸಾಹೇಬರ ನೆನಪಿಗೆ ಕಲಾವಿದರು ಬಂದು ಸೇವೆ ಸಲ್ಲಿಸುವ ಪದ್ಧತಿ ಬೆಳೆದುಬಂದಿದೆ. ಅಥಣಿ, ಕಾಗವಾಡ, ಜತ್ತ ಕಡೆಯವರಿಗೆ ಮಿರಜ ದೂರವೇನಲ್ಲ. ಮುಂದಿನ ಉರುಸಿಗೆ ಹೋದಾಗ ಆ ಗೋರಿಯ ಹತ್ತಿರವೂ ಒಂದು ಗಳಿಗೆ ಕುಳಿತು ಬನ್ನಿ.